ಅರ್ಕಾವತ್ತು

ಬೆಟಗೇರಿ ರಸ್ತೆಗೆ ಒಂದು ಜೆರಾಕ್ಸ್ ಅಂಗಡಿ,
ಅದರ ಹಿಂದ ನಮ್ಮ ಪ್ರೆಸ್ಸು,
ಪ್ರೆಸ್ಸಿನ ಮೂಲ್ಯಾಗ ನಾನು,
ನನ್ನ ಮುಂದ ಇಪ್ಪತ್ತು ವರ್ಷದ ಹಳೇ ಸಾಫ್ಟ್‌ವೇರು.
ಹೊಸಾದು ತರಿಸ್ರಿ ಅಂದ್ರ ಮಾಲಕರು ಅಂತಾರ,
"ಯಾಕ, ಇದು ಅನ್ನಾ ಹಾಕವಲ್ದೇನು?"

ಚುನಾವಣಿ ಬಂದೈತಿ. ವಾರ್ಡ್ ಹದಿನೇಳು.
ಪುಂಡಲೀಕ ಬಾಕಳೆಯವರ ಕರಪತ್ರ
ವಾಟ್ಸ್ಯಾಪಿನ್ಯಾಗ ನೆಟ್ಟಗ, ಚಂದಾಗಿ ಬರತೈತಿ.
ಎತ್ತಿ ಇಲ್ಲಿ ಇಟ್ಟೆ ಅಂದ್ರ
ಬರೇ ಚೌಕ, ಚೌಕ, ಚೌಕ,
ನಳದ ಮುಂದ ಪಾಳಿ ಹಚ್ಚಿದ ಖಾಲಿ ಕೊಡದಂಗ.
ಕನ್ವರ್ಟ್ ಮಾಡಿದ್ರ ಅಕ್ಷರ ಬರತಾವ,
ಅರ್ಕಾವತ್ತೊಂದು ಜಗಾ ಬಿಟ್ಟಿರತೈತಿ.
ಒಮ್ಮೆ ಈ ಅಕ್ಷರದ ಬಾಜೂಕ, ಒಮ್ಮೆ ಆ ಅಕ್ಷರದ ಬಾಜೂಕ.
ಅದಕ್ಕೂ ಹತ್ತೇತಿ ಪಕ್ಷಾಂತರದ ಚಟಾ.

ದಾವಲಸಾಬ ಕಾಕಾ ಸೀಸದ ಮೊಳಿ ಜೋಡಿಸಿದಾವ್ರು,
ಈಗ ಕುಂತು ಬಿಲ್‌ಬುಕ್ಕಿಗೆ ಪಿನ್ನು ಹೊಡೀತಾರ.
"ನಮ್ಮ ಕಾಲಕ್ಕ ಅರ್ಕಾವತ್ತಿಗೂ ಒಂದು ಖಾನೆ ಇತ್ತವಾ,
ಕೆಳಗ ಬಿದ್ರ ಟಣ್ ಅಂತಿತ್ತು.
ಈಗ ಬಿದ್ರ ಸಪ್ಪಳನ ಆಗವಲ್ದು."

ಚಾ ತರೋ ಹುಡುಗನ ಜೋಡಿ
ಅಭಿಪ್ರಾಯನೂ ಒಳಗ ಬರತಾವ.
ಮಷೀನಿನ್ಯಾಗ ಮೋಸ ಐತಿ ಅಂತ ಒಬ್ಬ,
ಮೊಬೈಲಿನ್ಯಾಗ ಬಂದೈತಿ ಅಂದ್ರ ಖರೇನ ಅಂತ ಇನ್ನೊಬ್ಬ.
ಬಾಕಳೆಯವರ ಅಳಿಯಾ ಫೋನು ಹಿಡದು ಬಂದ:
"ಅಕ್ಕಾರ, ಎಐ ಬರದೈತಿ, ಒಂದಕ್ಷರ ಬದಲ ಮಾಡಬ್ಯಾಡ್ರಿ."
ಮೊದಲ ಸಾಲು: ಕಡಲತೀರದ ನನ್ನ ಬಂಧುಗಳೇ.
ಕಾಕಾ ಎದ್ದು ಕಿಡಕ್ಯಾಗ ಹಣಿಕಿ ಹಾಕಿದ್ರು,
ಕಡಲು ಎಲ್ಲೆರ ಕಂಡೀತೇನೋ ಅಂತ.
ಗಟಾರ ಇತ್ತು.

ಮಧ್ಯಾಹ್ನಕ್ಕ ಗಿರಿಜಾದೇವಿ ಹೊಂಬಳ ಅವರ ಮಂದಿ.
ಫೈಲ್ ಒಂದ. ಹೆಸರು, ಮಾರಿ, ಬಣ್ಣ ತಗದು ಹಾಕತೀನಿ.
ನೀರಿನ ಸಾಲು ಹಂಗ ಇರತೈತಿ:
ದಿನದ ಇಪ್ಪತ್ನಾಕು ತಾಸು.
ಹೋದ ಸಲನೂ ಅದನ್ನ ನಾನ ಟೈಪ್ ಮಾಡಿದ್ದು.
ನಮ್ಮ ಓಣಿ ನಳಾ ಬಂದು ಇವತ್ತಿಗೆ ಹನ್ನೊಂದು ದಿನ.

ಅರ್ಕಾವತ್ತಿನ ಗುಣಾನ ಹಂಗ,
ಬಾಯಾಗ ಮೊದಲ, ಕಾಗದದಾಗ ಆಮ್ಯಾಲೆ.
ಎಷ್ಟೋ ಸಲ ಕಾಗದದ ಮಟಾ ಬರೂದ ಇಲ್ಲ.

ಇದು ಬರೇ ಮಾತಲ್ಲ.
ನಾನು ಪಾರ್ವತಿ.
ಮತದಾರರ ಯಾದ್ಯಾಗ ಯಾರದೋ ಕಂಪ್ಯೂಟರು
ನನ್ನ ಅರ್ಕಾವತ್ತು ನುಂಗೇತಿ.
ಪಾವತಿ ಅಂತ ಐತಿ.
ಐವತ್ತೆರಡು ವರ್ಷದ, ಹೆಣ್ಣು, ಪಾವತಿ.

ತಿದ್ದಸಾಕ ಮೂರು ಸಲ ಕಚೇರಿಗೆ ಹೋದೆ.
"ಸರ್ವರ ಬಂದಿಲ್ರಿ" ಅಂತ ತಲಿ ಎತ್ತದ ಹೇಳಿದ್ರು.
ಬಾಜೂಕ ಕುಂತಿದ್ದ ಮುದುಕಿ ನನ್ನ ಸೆರಗು ಜಗ್ಗಿ ಕೇಳಿದ್ಲು,
"ಯಾ ಊರಾಂವ ಬೇ ಅವಾ?
ನಾ ಬಂದಾಗೊಮ್ಮೆ ಇರಂಗಿಲ್ಲ.
ಪಗಾರ ಕೊಡತಾರಿಲ್ಲೋ ಪಾಪ."

ರಾತ್ರಿ ಒಂಬತ್ತಕ್ಕ ತಲೆಬರಹ ಹಾಕಾಕ ಕುಂತೆ:
ಸರ್ವರ ಏಳಿಗೆಗಾಗಿ ನಿಮ್ಮ ಮತ.
ಪರದಿ ಬೆಳ್ಳಗಾತು. ಬಾಣ ಗರಗರ ತಿರಗತು.
ಉಳಿಸಿದ್ದಿಲ್ಲ. ಮತ್ತ ಮೊದಲಿಂದ.
ಎರಡನೇ ಸಲಕ್ಕ ಒಂದು ಕೊಂಬು ಹೆಚ್ಚಿಗಿ ಬಿತ್ತೋ,
ನಾನ ಹಾಕಿದ್ನೋ, ಆಣಿ ಮಾಡಿ ಹೇಳಲಾರೆ.
ಸರ್ವರ್ ಏಳಿಗೆಗಾಗಿ.
ಪ್ರೂಫ್ ನೋಡಿ ಅಳಿಯಾ ಸಹಿ ಮಾಡಿದ. ಐದು ಸಾವಿರ ಪ್ರತಿ.
ಒಬ್ರೂ ಫೋನ್ ಮಾಡಲಿಲ್ಲ.
ಕಾಕಾ ಮಾತ್ರ, ಮೊಳಿ ಉಲ್ಟಾ ಓದಿ ಪಳಗಿದ ಕಣ್ಣು,
ಪ್ಲೇಟ್ ಮ್ಯಾಲೆ ಅದನ್ನ ಕಂಡು
ನನ್ನ ನೋಡಿದ್ರು, ಪಿನ್ನು ಹೊಡದ್ರು.

ಮತದಾನದ ದಿನ ಬೂತಿನ್ಯಾಗ ಮಾಸ್ತರು ಕರದ್ರು,
"ಪಾವತಿ?"
ಹೂಂನ್ರಿ ಅಂದೆ.
ಯಾತರ ಪಾವತಿ ಅಂತ ಅವರು ಕೇಳಲಿಲ್ಲ.
ಬೆರಳು ಹಿಡದು ಶಾಯಿ ಹಚ್ಚಾಕ ಹೋಗಿ ತಡದ್ರು,
ಮೊದಲ ಹಚ್ಯಾರಲ್ರಿ?
ಇಲ್ರಿ ಸರ, ಅದು ಪ್ರೆಸ್ಸಿಂದು,
ತೊಳದ್ರ ಹೋಗತೈತಿ,
ಮನಿಯಾಗ ನೀರಿಲ್ಲ.